ಇನ್ನೂರ ಹನ್ನೊಂದು

ಚೌಬಾರದ ಗಡಿಯಾರ ಎಂಟೂವರೆ ತೋರಿಸುವಾಗ
ಫತ್ತರ್ ಗಲ್ಲಿಯ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ,
ಒಂದು ಕೈಲಿ ಬಳಪ, ಒಂದು ಕೈಲಿ ಟೇಪು,
ಬೆನ್ನ ಹಿಂದೆ ಇಲಾಖೆಯ ಜೀಪು.

ಕೆಲಸ ಸಣ್ಣದು. ಕೆಳಗೆ ಪೈಪು ಹೋಗಬೇಕು,
ಅದಕ್ಕೆ ಮೇಲಿನ ಕಲ್ಲು ಏಳಬೇಕು,
ಎದ್ದದ್ದು ಎದ್ದ ಜಾಗಕ್ಕೇ ಮರಳಬೇಕು.
ಹಾಗಾಗಿ ಒಂದೊಂದರ ನೆತ್ತಿಗೂ ಒಂದು ನಂಬರು.

ಕಲ್ಲು ನನಗೆ ಹೊಸದಲ್ಲ.
ಅಪ್ಪ ಮಲ್ಕಪ್ಪ ಶಹಾಬಾದಿನ ಖಣಿಯಲ್ಲಿ ಪರಸಿ ಸೀಳುತ್ತಿದ್ದ,
ಮೊದಲು ಕಿವಿ ಇಟ್ಟು, ಆಮೇಲೆ ಉಳಿ ಇಟ್ಟು, ಕೊನೆಗೆ ಏಟು.
ಪುಟ್ಟಿಯೊಳಗಿನ ರೊಟ್ಟಿ ಎತ್ತಿದ ಹಾಗೆ
ನೆಲ ಪದರ ಪದರ ಬಿಟ್ಟುಕೊಡುತ್ತಿತ್ತು.

ಬೀದರಿನ ಈ ಗಲ್ಲಿಯವು ಬೇರೆಯ ಪೈಕಿ.
ಕರಿಯವು, ಗುಂಡು ತಲೆಯವು,
ಒತ್ತೊತ್ತಿ ಕೂತಿವೆ, ಮದುವೆಯ ಪಂಗತಿಯಲ್ಲಿ
ಸರಿದು ಜಾಗ ಕೊಡದ ಬೀಗರ ಹಾಗೆ.
ನಡುವೆ ಒಂದು ಸಾಲು ಸವೆದು ತೊಟ್ಟಿಲಾಗಿದೆ.
ಬಂಡಿಯ ಗಾಲಿಯೋ, ನೀರು ಹೊತ್ತವರ ಹಿಮ್ಮಡಿಯೋ,
ಫಲಕದಲ್ಲಿ ಬರೆದಿಲ್ಲ.
ಫಲಕವೇ ಇಲ್ಲ.
ಹೋದ ವಾರ ಬಂದ ಸಾಹೇಬರು ಐತಿಹಾಸಿಕ ಅಂದರು,
ಅಂದು, ಕಾಲು ಉಳುಕಿಸಿಕೊಂಡು ಹೋದರು.

ನೂರು ದಾಟಿತು. ಮಕ್ಕಳು ಹಿಂದೆ ಬಿದ್ದರು,
ನಂಬರಿನಿಂದ ನಂಬರಿಗೆ ಒಂಟಿಕಾಲಲ್ಲಿ ಕುಂಟಲಿಪಿ.
ನೂರ ಅರವತ್ತರ ಮೇಲೆ ಆಡು ಮಲಗಿತ್ತು, ಏಳಲಿಲ್ಲ.
ಅದರಡಿಯ ಮೂರು ಕಲ್ಲನ್ನು
ನಂಬಿಕೆಯ ಮೇಲೆ ಬರೆದುಕೊಂಡೆ.

ಇನ್ನೂರ ಹನ್ನೊಂದು.
ಕಾಲಿಟ್ಟೆ, ಟಕ್ಕೆಂದಿತು.
ಕಾಲೆತ್ತಿದೆ, ಇನ್ನೊಂದು ಟಕ್, ತುಸು ಸಣ್ಣದು.

"ಹೊಸಬರು ಯಾರೋ ಬಂದಾರ" ಎಂದಿತು ಒಂದು ಹೊಸ್ತಿಲು.
ಜೈತುನ್‌ಬಿ. ಮಡಿಲ ತುಂಬ ಮಲ್ಲಿಗೆ ಮೊಗ್ಗು.
ಸಂಜೆಯ ನಿಕಾಹಿಗೆ ಸೆಹರಾ ಪೋಣಿಸುತ್ತಿದ್ದಳು ತಲೆ ಎತ್ತದೆ,
ದಾರ ಹಲ್ಲಲ್ಲಿ, ಮಾತು ದಾರದ ಪಕ್ಕದಲ್ಲಿ.

"ಕಲ್ಲು ಹೇಳ್ತದವ್ವ. ನಾ ಮಾರಿ ಎತ್ತಿದ್ರ ಎಳಿ ತಪ್ತದ.
ಹಾಲಿನವ ಬಂದ್ರ ಜೋರೊಂದು, ಸಣ್ಣದೊಂದು, ಅವನ ಒಂದ್ ಕಾಲು ಗಿಡ್ಡ.
ಸೊಸಿ ಸಿಟ್ಟಿನಾಗ ಬಂದ್ರ ಒಂದೇ ಸಪ್ಪಳ, ಎದಿ ಒಡ್ಯಾಂಗ.
ಕರೆಂಟ್ ಬಿಲ್ಲಿನವ ಇದನ್ನ ದಾಟಿ ಜಿಗೀತಾನ.
ಸಪ್ಪಳಿಲ್ಲದ ಬರಾಂವ ಗಲ್ಲ್ಯಾಗ ಅವನೊಬ್ನೇ,
ಹಂಗಾಗಿ ಅದೂ ಗೊತ್ತಾಗ್ತದ."

ಬಗ್ಗಿದೆ. ಅಪ್ಪನಂತೆ ಕಿವಿ ಇಟ್ಟೆ.
ಕೆಳಗೊಂದು ಪೊಳ್ಳು, ಹೆಬ್ಬೆರಳು ಹೋಗುವಷ್ಟು.
ನನ್ನ ಕಾಗದದ ಪ್ರಕಾರ ಅದು ದೋಷ:
ತುಂಬಿ, ಮಟ್ಟ ಮಾಡಿ, ಭದ್ರಪಡಿಸತಕ್ಕದ್ದು.
ಇಷ್ಟು ಸಿಮೆಂಟು, ಇಷ್ಟು ಉಸುಕು, ಇಷ್ಟು ರೂಪಾಯಿ.
ಕಲ್ಲನ್ನು ಅಲುಗುವಂತೆ ಕೂರಿಸಲು
ದರಪಟ್ಟಿಯಲ್ಲಿ ಸಾಲೇ ಇಲ್ಲ.
ಒಂದು ಪೊಳ್ಳಿಗೆ ಎಷ್ಟು ಗಾಳಿ ಬೇಕು,
ಗಾಳಿಗೆ ಏನು ದರ?

"ಯಾರು ಕೂರಿಸಿದ್ದಮ್ಮ ಹೀಗೆ?"
"ಯಾವನೋ ಅವಸರದಾಗ ಇದ್ದಾಂವ.
ಹೊತ್ತು ಮುಳುಗಿರಬೇಕು. ಅವನಿಗಿ ಮನಿಗಿ ಹೋಗದಿತ್ತು."

ಅಪ್ಪ ಇದನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದ.
ಬಟವಾಡೆಯ ಶನಿವಾರ ಅವನು ಸೀಳಿದ ಪರಸಿಗೆಲ್ಲ
ಒಂದು ಅಂಚು ಓರೆ.
ಯಾವ ಊರಿನ ಯಾವ ಅಡಿಗೆಮನೆಯಲ್ಲೋ ಈಗಲೂ
ಚೆಲ್ಲಿದ ನೀರು ಆ ಓರೆಯ ಕಡೆಗೇ ಹರಿಯುತ್ತಿರಬೇಕು,
ಯಾರೋ ಬೈದುಕೊಳ್ಳುತ್ತ ಒರೆಸುತ್ತಿರಬೇಕು.

ವಹಿಯಲ್ಲಿ ಇನ್ನೂರ ಹನ್ನೊಂದರ ಮುಂದೆ
ಉದ್ದ ಬರೆದೆ, ಅಗಲ ಬರೆದೆ,
ಷರಾ ಅಂಕಣದಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಬರೆದೆ: ಇದ್ದ ಹಾಗೆ.
ಓದಿದವರು ಏನು ತಿಳಿಯುತ್ತಾರೋ,
ಗೌಂಡಿ ದಸ್ತಗೀರನಿಗೆ ಬಾಯಲ್ಲೇ ಹೇಳಬೇಕು,
ಅವನು ನನ್ನ ಮುಖ ನೋಡುತ್ತಾನೆ.

ಮುನ್ನೂರ ನಲವತ್ತಕ್ಕೆ ಗಲ್ಲಿ ಮುಗಿದು ಡಾಂಬರು ಶುರು.
ಬಿಸಿಲಲ್ಲಿ ವಾಪಸು ಬರುವಾಗ
ಜೀಪಿನ ಡ್ರೈವರು ಹಾರ್ನು ಹೊಡೆಯುತ್ತಿದ್ದ,
ನಾನು ಎಲ್ಲಿ ಕಾಲಿಡುತ್ತಿದ್ದೇನೆಂದು ನೋಡಲೇ ಇಲ್ಲ.

ಟಕ್.

"ಚಾ ಕುಡ್ದು ಹೋಗು, ನಂಬರಿನವ್ವ"
ಅಂದಳು, ತಲೆ ಎತ್ತದೆ.
ಮಡಿಲಲ್ಲಿ ಮೊಗ್ಗು ಇನ್ನೂ ಅರ್ಧ ಉಳಿದಿತ್ತು.