ಸ್ಕೋರು ಪುಸ್ತಕದ ಚುಕ್ಕಿ

ಬೇಸ್‌ಬಾಲ್ ತಂಡಕ್ಕೆ ನೂರು ತುಂಬಿತೆಂದು
ಗೆದ್ದಲು ತಿಂದುಳಿಸಿದ ಸ್ಕೋರು ಪುಸ್ತಕಗಳನ್ನು
ನನ್ನ ಮೇಜಿಗೆ ಸುರಿದು ಹೋದರು.
ಹ್ವಾಲಿಯೆನ್ ದಂಡೆಯ ಈ ಕಾಲೇಜು
ಆಗಿನ್ನೂ ವಿಶ್ವವಿದ್ಯಾಲಯವಾಗಿರಲಿಲ್ಲ,
ಮೈದಾನವೂ ಅರ್ಧ ಕಬ್ಬಿನ ಗದ್ದೆ.

ಮೊದಲ ಪುಟಗಳೆಲ್ಲ ಜಪಾನಿಯಲ್ಲಿ.
ಎಡ ಮೈದಾನ: ಕಾವಾಬೆ. ಹೋಮ್‌ರನ್ ಹನ್ನೊಂದು.
ಆಮೇಲೆ ಯುದ್ಧ. ಎರಡು ವರ್ಷ ಬರೀ ಗೆರೆ,
ಒಂದು ಕಡೆ ಯಾರೋ ಗೆಣಸಿನ ಲೆಕ್ಕ ಬರೆದಿದ್ದಾರೆ.
ಆಮೇಲೆ ಚೀನಿ, ಹೊಸ ಕೈಬರಹ, ಹೊಸ ಸರ್ಕಾರದ ಮೊಹರು.
ಎಡ ಮೈದಾನ: ಪಾನ್. ಹೋಮ್‌ರನ್ ಒಂಬತ್ತು.

ಇಬ್ಬರನ್ನೂ ಪಟ್ಟಿಗೆ ಸೇರಿಸಿ ಚಹಾಕ್ಕೆ ಎದ್ದೆ.
ಕೈಗವಸು ಹೊಲಿಯುವ ಪನಾಯ್ ಅಜ್ಜಿ ಇಣುಕಿ ಅಂದಳು:
"ಎರಡೂ ಕಡೆ ಹೆಸರ ಪಕ್ಕ ಚುಕ್ಕಿ ಇದೆ ನೋಡು,
ಎಡಗೈಯವ ಅಂತ.
ನಿಂತ ಓದಿಗೆ ಮತ್ತೆ ಬಂದು ಸೇರಿದ, ನಮ್ಮ ಲೆಕಾಲ್.
ಹೆಸರು ಅವರವರು ಇಟ್ಟುಕೊಂಡದ್ದು."

ಹನ್ನೊಂದು, ಒಂಬತ್ತು. ಇಪ್ಪತ್ತು.
ಗೋಡೆಯ ಹಲಗೆ ಮೇಲಿನ ದಾಖಲೆ ಹದಿನೇಳು,
ಅದೂ ನಮ್ಮ ಕುಲಸಚಿವರದ್ದು.

ಬಸ್ಸು ಹಿಡಿದು ಹೋದೆ. ತೊಂಬತ್ತೇಳರ ಮುದುಕ
ಬಾಗಿಲಲ್ಲಿ ಕೂತು ಒಣಮೀನಿನ ನೊಣ ಓಡಿಸುತ್ತಿದ್ದ.
ಯಾವ ಹೆಸರು ಅಚ್ಚು ಹಾಕಿಸಲಿ ಅಂದೆ.
"ಒಂದು ಚೆಂಡು ಹೊಳೆ ದಾಟಿ ಬಿತ್ತು," ಅಂದ,
"ಹುಡುಕಲು ಎದುರು ತಂಡದವರೂ ಈಜಿದರು.
ಅದನ್ನ ಬರೆದಿದ್ದಾರಾ?"

ತಿರುವಿದೆ, ಹಿಂದೆ, ಮುಂದೆ. ಇರಲಿಲ್ಲ.
ಪೆನ್ನು ತೆಗೆದವಳಿಗೆ
ಯಾವ ಲಿಪಿಯಲ್ಲಿ ಎಂದು ಕೈ ತಡೆಯಿತು.
ಪುಟದ ಅಂಚಿನಲ್ಲಿ, ಗೆರೆಗಳಿಂದಾಚೆ,
ಒಂದು ಚುಕ್ಕಿ ಇಟ್ಟೆ.