ನವರಂಗ, ಹೆಮ್ಮಡಗಾ ದಾರಿಯಲ್ಲಿ

ಆರೂಮುಕ್ಕಾಲಕ್ಕೆ ಜೀಪು ನಿಂತಿತು.
ಮೇಲೆ ಎಲ್ಲೋ ಬೆಳಗಾಗಿದೆ. ಬಿಸಿಲನ್ನೆಲ್ಲ
ಮರದ ತುದಿಗಳೇ ಉಂಡು ಮುಗಿಸಿ
ಕೆಳಗೆ ಬಿಟ್ಟದ್ದು ಬರೀ ಪಾತ್ರೆ ತೊಳೆದ ನೀರು.

ಮಷ್ಣು ಗಾವಡೆ ಬೆರಳೆತ್ತಲಿಲ್ಲ, ಗದ್ದ ತಿರುಗಿಸಿದ:
“ಕೊಳೆತ ದಿಮ್ಮಿ ಬುಡಕ್ಕ. ನವರಂಗ ಐತಿ.
ಉಸಿರ ಬಿಡಬ್ಯಾಡ್ರಿ.”

ಹದಿನೆಂಟು ವರ್ಷ ಖಾನಾಪುರದ ಮದುವೆಗಳಲ್ಲಿ
ಮದುಮಗಳ ಮೂಗುತಿಗೆ ಬೆಳಕು ಕೂಡಿಸಿದವ ನಾನು.
ಗದ್ದ ಸ್ವಲ್ಪ ಮೇಲೆ, ಅವ್ವಾ, ಇತ್ತ ನೋಡ್ರಿ —
ಇಲ್ಲಿ ಯಾರಿಗೆ ಹೇಳಲಿ?
ಅದು ನನಗೆ ಬೆನ್ನು ಹಾಕಿ ಎಲೆ ಮಗುಚುತ್ತಿದೆ.
ಹುಳ ಸಿಕ್ಕಿತು. ಸಿಗಲಿಲ್ಲ. ಸಿಕ್ಕಿತು.

ಐಎಸ್‌ಓ ಏರಿಸಿದೆ. ಇನ್ನೂ ಏರಿಸಿದೆ.
ಪರದೆಯ ಮೇಲೆ ಹಸಿರೆಲ್ಲ ಜೋಳದ ನುಚ್ಚು.
ಫ್ಲ್ಯಾಶು ಚೀಲದಲ್ಲಿತ್ತು; ಕೈ ಅತ್ತ ಹೋದದ್ದು
ಗಾವಡೆಗೆ ಕಂಡಿತು. ಏನೂ ಅನ್ನಲಿಲ್ಲ.
ಕೈ ವಾಪಸು ಬಂತು.

ಮೂವತ್ತರಲ್ಲೊಂದು ಸೆಕೆಂಡು.
ಎರಡು ಎದೆಬಡಿತದ ನಡುವೆ ಒತ್ತಬೇಕು, ಒತ್ತಿದೆ.
ಬಾಲದಡಿಯ ಕೆಂಪು
ಕುಂಕುಮದ ಬಟ್ಟಲು ಉರುಳಿದ ಹಾಗೆ ಒಮ್ಮೆ,
ಆಮೇಲೆ ಬರೀ ತರಗೆಲೆ.

ಬಂದದ್ದು ಇಷ್ಟು: ಹಸಿರು ಒರೆಸಿದ ಗುರುತು,
ಅಂಚಿಗೆ ನೀಲಿ, ಕಾಡಿಗೆ ಹಚ್ಚಿದಂಥ ಕಣ್ಣೊಂದೇ ಚೂಪು.
“ಇದರಾಗ ಹಕ್ಕಿ ಎಲ್ಲೈತ್ರಿ?”
ಹಿಂದಿನ ಸೀಟಿನ ಹಲ್ಲಿನ ಡಾಕ್ಟರು ಥರ್ಮಾಸು ಬಿಚ್ಚುತ್ತ ಕೇಳಿದರು.
ಅಳಿಸುವ ಗುಂಡಿಯ ಮೇಲಿತ್ತು ನನ್ನ ಹೆಬ್ಬೆರಳು.

ಗಾವಡೆ ಕ್ಯಾಮೆರಾ ಇಸಿದುಕೊಂಡು
ಬಹಳ ಹೊತ್ತು ನೋಡಿದ.
“ನಮಗ ದಿನಾ ಹಿಂಗ ಕಾಣತೈತಲ್ರಿ,” ಅಂದ.