ಮುನ್ನೂರು ಮಂಡಕ್ಕಿ ದೂರ

ದಾವಣಗೆರೆ ಇನ್ನೂ ಕಣ್ಣು ಬಿಟ್ಟಿರಲಿಲ್ಲ,
ದೋಸೆ ಹೋಟೆಲಿನ ಕಾವಲಿಗಳು ತಣ್ಣಗಿದ್ದವು.
ನಿದ್ದೆಗಣ್ಣಿನ ಎರಡು ಮೂಟೆಗಳನ್ನು
ಹಿಂದಿನ ಸೀಟಿಗೆ ಹೇರಿ,
ಜಗಳ ಹತ್ತದಂತೆ ನಡುವೆ ಅತ್ತೆಯನ್ನು ಕೂರಿಸಿ,
ಗಡಿಕಲ್ಲಿನ ಹಾಗೆ,
ನಾನು ಮುಂದೆ ಕೂತೆ. ಮಡಿಲಲ್ಲಿ ಸ್ಟೀಲ್ ಡಬ್ಬಿ,
ಕಾಲಡಿಯಲ್ಲಿ ನಿಂಬೆಹಣ್ಣು, ವಾಂತಿಗೊಂದು ಕವರು.

ಹೆದ್ದಾರಿ ಹತ್ತುವ ಮೊದಲೇ
ಇಂಚರ ಕೇಳಿದಳು: ಬಂತಾ?

ಮೈಸೂರು ಎಂದರೆ ಅವಳಿಗೆ ಒಂದು ಜಿರಾಫೆ.
ಸಂಚಿತನಿಗೆ ಅದೂ ಅಲ್ಲ,
ಅಕ್ಕ ಕೇಳಿದ್ದನ್ನು ಇನ್ನೂ ಜೋರಾಗಿ ಕೇಳುವುದೇ
ಪ್ರಯಾಣ.

ಮುನ್ನೂರು ಕಿಲೋಮೀಟರ್ ಎಂದು
ಕೊಟ್ರೇಶ ಬಾಯಿ ಬಿಡಬಾರದಿತ್ತು.
ಮೂವತ್ತರ ತನಕ ಎಣಿಸಲು ಬರುವವರಿಗೆ
ಆಮೇಲಿನದೆಲ್ಲ ಅಳುವೇ.
ನಾನು ಡಬ್ಬಿ ತೆರೆದೆ:
ಒಂದು ಕಲ್ಲಿಗೆ ಒಂದು ಮಂಡಕ್ಕಿ,
ಡಬ್ಬಿ ಖಾಲಿಯಾದಲ್ಲಿ ಜಿರಾಫೆ.

ಪೇಪರಿನ ಮೇಲೆ ಗುಡ್ಡೆ ಹಾಕಿಕೊಂಡು
ಮಿರ್ಚಿ ಕಚ್ಚುತ್ತಾ ಮಂಡಕ್ಕಿ ಮುಕ್ಕಿ ಬೆಳೆದವಳು ನಾನು.
ಮೊದಲ ಸಲ ಒಂದೊಂದೇ ಕಾಳು ಕೊಟ್ಟೆ,
ಜ್ವರದ ಮಾತ್ರೆ ಕೊಟ್ಟಂತೆ.

ಆನಗೋಡಿನ ತನಕ ಸ್ವರ್ಗ.

ಹೆಬ್ಬಾಳು ಟೋಲಿನಲ್ಲಿ ಕಾರು ನಿಂತಿತು,
ಕಲ್ಲುಗಳೂ ನಿಂತವು.
ಸಂಚಿತ್ ಮುಂದಕ್ಕೆ ಬಗ್ಗಿ ಡಬ್ಬಿಗೆ ಕೈ ಹಾಕಿ
ಒಂದು ಮುಷ್ಟಿ ಬಾಚಿ, ಬಾಯಿಗೆ ಸುರಿದುಕೊಂಡು,
ಕೆನ್ನೆ ಉಬ್ಬಿಸಿ ಹೇಳಿದ:
ಮೈಸೂರು ಬಂತು. ಎಲ್ಲಾ ಇಳೀರಿ.

ತಮ್ಮ ತನ್ನ ರಸ್ತೆಯನ್ನೇ ತಿಂದನೆಂದು ಇಂಚರ ಅತ್ತಳು.
ಕೊಟ್ರೇಶ ಹಾರ್ನ್ ಒತ್ತಿದ,
ಮುಂದಿನ ಲಾರಿ ಪಾಪ ಏನೂ ಮಾಡಿರಲಿಲ್ಲ.
ನಾನು ಮೊಬೈಲು ತೆಗೆದೆ,
ಸೋತವರು ತೆಗೆಯುವಂತೆ. ಅದರಲ್ಲೂ
ಒಂದು ಬಳೆ ಸುಮ್ಮನೆ ಸುತ್ತುತ್ತಿತ್ತು.

ಆಗ ನಮ್ಮತ್ತೆ ಹಾಲಮ್ಮ,
ಇಷ್ಟು ಹೊತ್ತು ಮೊಣಕಾಲು ನೀವಿಕೊಳ್ಳುತ್ತಿದ್ದವರು:

‘ನಾನು ನಿಮ್ಮಷ್ಟಿದ್ದಾಗ
ಅಪ್ಪ ಹತ್ತಿ ಗಾಡಿ ಹೊಡ್ಕಂಡು ಮಿಲ್ಲಿಗೆ ಬರ್ತಿದ್ದ.
ಅಂಡಿಗೆ ಮ್ಯಾಲೆ ನನ್ನ ಕುಂದ್ರಿಸಿ
ಅವ್ವ ತನ್ನ ಹಳೇ ಸೀರೇಲಿ ಕಟ್ಟಿರ್ತಿದ್ಲು, ಬೀಳಬಾರದು ಅಂತ.
ಮುಂದೆ ಹೋದ ಗಾಡಿಗಳ ಹತ್ತಿ
ಜಾಲಿ ಮುಳ್ಳಿಗೆ ಸಿಕ್ಕಂಡು ಬೆಳ್ಳಗೆ ಅಲ್ಲಾಡೋದು.
ಎಣ್ಸವ್ವಾ, ಅನ್ನೋಳು.
ಎಣ್ಸಿ ಎಣ್ಸಿ ನಿದ್ದೆ ಹತ್ತೋದು,
ಕಣ್ಣು ಬಿಟ್ರೆ ಮಿಲ್ಲಿನ ಚಿಮಣಿ.’

ಎಷ್ಟು ಎಣಿಸಿದೆ ಅಜ್ಜೀ?

‘ಊರು ಬರೋವಷ್ಟು.’

ಇಬ್ಬರೂ ಒಂದೊಂದು ಗಾಜಿಗೆ ಮೂಗು ಒತ್ತಿದರು.
ಭರಮಸಾಗರದ ಹತ್ತಿರ, ರಸ್ತೆ ನಡುವಿನ ಕಣಗಿಲೆ ಗಿಡಕ್ಕೆ
ಯಾರೋ ಎಸೆದ ಬಿಳಿ ಕವರು ಸಿಕ್ಕಿಕೊಂಡು
ಗಾಳಿಗೆ ಹೊಟ್ಟೆ ಉಬ್ಬಿಸುತ್ತಿತ್ತು.
ಸಂಚಿತ್ ಕಿರುಚಿದ: ಹತ್ತಿ!

ಅದು ಹತ್ತಿಯಲ್ಲವೋ, ಎಂದು
ತಿರುಗಿದೆ ನಾನು, ಟೀಚರಿನ ಹಾಗೆ.
ಭುಜದ ಮೇಲೆ ಅತ್ತೆಯ ಬೆರಳು ಬಿತ್ತು, ಮೆಲ್ಲಗೆ.
‘ಹತ್ತೀನೇ. ಒಂದು.’

ಎರಡು. ಅದೋ ಮೂರು. ಬೇಲಿ ಮೇಲೆ ನಾಲ್ಕು, ಐದು.
ನಮ್ಮ ನಾಡಿನಲ್ಲಿ ಇಷ್ಟೊಂದು ಹತ್ತಿ ಬೆಳೆಯುವುದು
ನನಗೆ ಗೊತ್ತಿರಲಿಲ್ಲ.

ದುರ್ಗದ ಬಂಡೆಗಳನ್ನು ನಾನು
ಕಷ್ಟಕಾಲಕ್ಕೆಂದು ಉಳಿಸಿಟ್ಟಿದ್ದೆ:
ಕಪ್ಪೆ ಬಂಡೆ, ರೊಟ್ಟಿ ಬಂಡೆ,
ಬೆನ್ನು ಹಾಕಿ ಮುನಿದು ಕೂತ ಮಾವನ ಬಂಡೆ.
ಗುಡ್ಡದ ಮೇಲಿನ ಗಾಳಿ ಫ್ಯಾನುಗಳನ್ನೂ ಅಷ್ಟೇ,
ಯಾವುದು ತಿರುಗುತ್ತಿಲ್ಲವೋ ಅದಕ್ಕೆ ಹೆಸರಿಡುವ ಆಟ,
ವಾರದಿಂದ ಕಟ್ಟಿದ್ದು.
ಅವೆಲ್ಲ ಸಾಲಾಗಿ ಎದುರು ಬಂದವು.
ಹಿಂದೆ ಇಬ್ಬರೂ ಬಾಯಿ ತೆರೆದು ನಿದ್ದೆ.
ಸಂಚಿತನ ಗಲ್ಲಕ್ಕೆ ಒಂದು ಮಂಡಕ್ಕಿ ಅಂಟಿತ್ತು.

ಕೊಟ್ರೇಶ ತುಟಿ ಅಲ್ಲಾಡಿಸುತ್ತಿದ್ದ.
ಏನು? ಎಂದೆ.
‘ಹದಿನೇಳು,’ ಎಂದ, ಫ್ಯಾನುಗಳಿಂದ ಕಣ್ಣು ಕೀಳದೆ.
ರಸ್ತೆ ನೋಡಿ ಓಡಿಸು ಮಾರಾಯ, ಎಂದೆ.

ಆಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.
ಎರಡು ತಲೆಗಳ ಭಾರಕ್ಕೆ ಅತ್ತೆ ಅಲುಗಾಡದೆ ಕೂತಿದ್ದರು,
ಮೊಣಕಾಲು ನೀವಲೂ ಕೈ ಬಿಡುವಿಲ್ಲದೆ.
ಹಿಂದಿನಿಂದ ಸಣ್ಣ ದನಿ:

‘ಬಂತೇನವ್ವಾ?’

ಇನ್ನೂ ಐಮಂಗಲ ಅತ್ತೇ, ಎಂದು
ಡಬ್ಬಿಯನ್ನು ಹಿಂದಕ್ಕೆ ಚಾಚಿದೆ.
ಅವರು ಹೊರಗೆ ನೋಡಿದರು.
ಕಲ್ಲು ಬರಲಿ ಎಂದು ಕಾದರು.
ಬಂದ ಮೇಲೆ, ಒಂದೇ ಒಂದು ಕಾಳು ತೆಗೆದು
ಬಾಯಿಗಿಟ್ಟುಕೊಂಡರು.